ಆ ಬಾಟಲಿಯಲ್ಲಿ ಇದ್ದದ್ದು ನೀರು

ಸುಜಾತಾ, ನಿನ್ನ ಎಡಗಣ್ಣು ಹೋದದ್ದು ನಿನ್ನ ತಪ್ಪಿನಿಂದಲ್ಲ. ಲೆನ್ಸಿನ ಔಷಧದ ಬಾಟಲಿಗೆ ನೀರು ತುಂಬಿದವಳು ನಾನು. ಆಸ್ಪತ್ರೆಯಲ್ಲಿ ಆ ತಪ್ಪನ್ನು ನಿನ್ನ ಮೇಲೆ ಹಾಕಿದವಳೂ ನಾನೇ — ನಿನ್ನ ಮೌಶಿ, ನಿಮ್ಮವ್ವನ ತಂಗಿ.

ಎಂಟು ವರ್ಷ ಇದನ್ನು ನುಂಗಿಕೊಂಡು ಕೂತೆ. ಕಳೆದ ಭಾನುವಾರ ನೀನು ಚಿಕ್ಕೋಡಿಗೆ ಬಂದಿದ್ದೆ. ನನ್ನ ಅಡುಗೆಮನೆಯಲ್ಲಿ ಶೇಂಗಾ ಸುಲಿಯುತ್ತ, ತಲೆ ಎತ್ತದೆ ಹೇಳಿದೆ: "ಮೌಶಿ, ನನ್ನ ಸಲುವಾಗಿ ಅಪ್ಪ ನಿಮಗ ಏನೇನೋ ಅಂದ. ನಾ ನೀಟ ತೊಳದಿದ್ರ ನಿಮಗ ಆ ಮಾತ ಬರ್ತಿರಲಿಲ್ಲ. ಮನಸಿನ್ಯಾಗ ಇಟ್ಕೋಬ್ಯಾಡ್ರಿ."

ನೀನು — ನನ್ನ ಹತ್ತಿರ — ಕ್ಷಮೆ ಕೇಳಿದೆ. ಆಗಲೂ ನಾನು ಬಾಯಿ ಬಿಡಲಿಲ್ಲ. "ಇರ್ಲಿ ಬಿಡವಾ" ಎಂದೆ. ದೊಡ್ಡ ಮನಸ್ಸಿನವಳಂತೆ!

ನಿನ್ನ ನೆನಪನ್ನು ಕೆಡಿಸಿದವಳೇ ನಾನು. ಆದ್ದರಿಂದ ಎಲ್ಲವನ್ನೂ ಮೊದಲಿನಿಂದ ಹೇಳುತ್ತೇನೆ.

ಸದಲಗಾದಿಂದ ನಮ್ಮಕ್ಕ ನಿನ್ನನ್ನು ಹೈಸ್ಕೂಲಿಗೆಂದು ನನ್ನ ಮನೆಗೆ ಕಳಿಸಿದಾಗ ನಿನಗೆ ಹದಿಮೂರು. ಖೊ ಖೊ ಎಂದರೆ ನಿನಗೆ ಜೀವ. ಆದರೆ ಕನ್ನಡಕದ ನಂಬರು ವರ್ಷ ವರ್ಷ ಏರುತ್ತಿತ್ತು, ಓಡುವಾಗ ಕನ್ನಡಕ ಬಿದ್ದು ಒಡೆಯುತ್ತಿತ್ತು. ಕೊಲ್ಹಾಪುರದ ಡಾಕ್ಟರು ಒಂದು ಬಗೆಯ ಲೆನ್ಸು ಹೇಳಿದರು — ಮಲಗುವಾಗ ಹಾಕಿಕೊಂಡು, ಎದ್ದ ಮೇಲೆ ತೆಗೆದಿಡುವುದು. ನಿದ್ದೆಯಲ್ಲಿ ಅದು ಕರಿಗುಡ್ಡೆಯ ಮೇಲ್ಪದರವನ್ನು ಮೆಲ್ಲಗೆ ಒತ್ತಿ ತಿದ್ದುತ್ತದೆ. ಹಗಲೆಲ್ಲ ಕನ್ನಡಕವಿಲ್ಲದೆ ಕಾಣುತ್ತದೆ. ನಂಬರು ಏರುವುದೂ ನಿಧಾನವಾಗುತ್ತದೆ. ಜೊತೆಗೆ ಒಂದೇ ಮಾತನ್ನು ಮೂರು ಸಲ ಹೇಳಿದರು: ಲೆನ್ಸಿಗೆ ನೀರು ತಾಗಬಾರದು. ಬಾಟಲಿಯ ಔಷಧದಲ್ಲೇ ತೊಳೆಯಬೇಕು, ಅದರಲ್ಲೇ ನೆನೆಸಿಡಬೇಕು. ಔಷಧ ಇಲ್ಲದ ದಿನ ಹಾಕಲೇಬಾರದು.

ನಿಮ್ಮಪ್ಪ ಅಳುಕಿದರು. "ನಾ ಟೀಚರ್ ಅದೀನ್ರಿ, ಇಷ್ಟ ಮಾಡಾಕ ಆಗೂದಿಲ್ಲೇನ್ರಿ?" ಎಂದು ಹೊಣೆ ಹೊತ್ತವಳು ನಾನು.

ಮೊದಮೊದಲು ಎಷ್ಟು ಚೆನ್ನಾಗಿತ್ತು! ಒಂದು ಮುಂಜಾನೆ ನೀನು ಬಾಗಿಲಲ್ಲಿ ನಿಂತು, ಎದುರಿನ ಕಿರಾಣಿ ಅಂಗಡಿಯ ಬೋರ್ಡನ್ನು ಕನ್ನಡದಲ್ಲೊಮ್ಮೆ ಮರಾಠಿಯಲ್ಲೊಮ್ಮೆ ಕೂಗಿ ಓದಿದ್ದೆ. ಅಂಗಡಿಯವನು ನಗುತ್ತ ಹೊರಗೆ ಬಂದಿದ್ದ.

ಆಮೇಲೆ — "ಮೌಶಿ, ಬಾಟ್ಲಿ ಮುಗಿಯಾಕ ಬಂದೈತಿ" ಎಂದು ನೀನು ಎರಡು ಸಲ ನೆನಪಿಸಿದೆ. ಔಷಧ ಕೊಲ್ಹಾಪುರದಲ್ಲೇ ಸಿಗುತ್ತಿತ್ತು. ಹೋಗಬೇಕಿದ್ದ ಭಾನುವಾರ ನಾನು ಗೆಳತಿಯ ಮನೆಯ ಮದುವೆಗೆಂದು ರಾಯಬಾಗಕ್ಕೆ ಹೋದೆ. ಮರೆತಿರಲಿಲ್ಲ, ಆಮೇಲೆ ತಂದರಾಯಿತು ಎಂದುಕೊಂಡೆ. ಮರುದಿನ ಬಾಟಲಿ ಖಾಲಿ. ಆ ವಾರವೇ ನಿನ್ನ ತಾಲೂಕು ಮಟ್ಟದ ಪಂದ್ಯ. ಲೆನ್ಸು ಬೇಡ ಎಂದರೆ ನೀನು ಅಪ್ಪನಿಗೆ ಫೋನಿನಲ್ಲಿ ಹೇಳುತ್ತೀ — ಮೌಶಿ ಔಷಧ ತರಲಿಲ್ಲ ಅಂತ. ಅಷ್ಟಕ್ಕೆ ಹೆದರಿದೆ. ಅಷ್ಟಕ್ಕೇ.

ನೀನು ಶಾಲೆಗೆ ಹೋದ ಮೇಲೆ ಬಾಟಲಿಗೆ ಫಿಲ್ಟರಿನ ನೀರು ತುಂಬಿದೆ, ಚಿಟಿಕೆ ಉಪ್ಪು ಹಾಕಿ ಅಲುಗಾಡಿಸಿದೆ. ಕಣ್ಣೀರೂ ಉಪ್ಪೇ ಅಲ್ಲವೇ — ಹಾಗೆ ಸಮಾಧಾನ ಮಾಡಿಕೊಂಡೆ. "ಔಷಧ ಬಂತೇನ್ರಿ?" ಎಂದು ಕೇಳಿದೆ ನೀನು. "ಬಂತು" ಎಂದೆ. ನಾಲ್ಕು ದಿನ ನೀನು ಸೋಪು ಹಚ್ಚಿ ಕೈ ತೊಳೆದು, ಒಗೆದ ಬಟ್ಟೆಯಿಂದ ಒರೆಸಿಕೊಂಡು, ಅಷ್ಟು ಶಿಸ್ತಿನಿಂದ ಲೆನ್ಸನ್ನು ಆ ನೀರಿನಲ್ಲಿ ತೊಳೆದೆ. ಐದನೆಯ ದಿನ ನಾನು ಹೊಸ ಬಾಟಲಿ ತಂದು, ಹಳೆಯದನ್ನು ಎಸೆದೆ.

ಹತ್ತು ದಿನಕ್ಕೆ ಕಣ್ಣು ಕೆಂಪಾಯಿತು. ಬೆಳಕು ಕಂಡರೆ ನೀನು ಚೀರುತ್ತಿದ್ದೆ. ಮಧ್ಯಾಹ್ನದ ಸೆಕೆಯಲ್ಲೂ ಮುಖದ ತುಂಬ ಕೌದಿ ಹೊದ್ದು ಕೂಡುತ್ತಿದ್ದೆ. ಡಾಕ್ಟರು ನೀರು ತಾಗಿತ್ತೇ ಎಂದು ಕೇಳಿದರು. "ಇಲ್ರಿ" ಎಂದೆ ನೀನು. ನಾನು ಸುಮ್ಮನಿದ್ದೆ. ಅವರು ಸಾಮಾನ್ಯ ಸೋಂಕೆಂದು ತಿಳಿದು ಔಷಧ ಹಾಕಿದರು. ಮೂರು ವಾರ ಹಾಗೇ ಹೋಯಿತು — ನನ್ನ ಬಾಯಿಂದ ಒಂದು ಮಾತು ಬಂದಿದ್ದರೆ ಉಳಿಯಬಹುದಾಗಿದ್ದ ಮೂರು ವಾರ.

ಕೊನೆಗೆ ಅವರು ನಿಮ್ಮಪ್ಪನನ್ನೂ ಕರೆಸಿ, ಇದು ನೀರಿನಿಂದ ಬರುವ ರೋಗದ ಹಾಗಿದೆ, ನಿಜ ಹೇಳಿ ಎಂದರು. ನಿಮ್ಮಪ್ಪ ನಮ್ಮಿಬ್ಬರನ್ನೂ ನೋಡಿದರು. ಆಗ ನಾನು ಹೇಳಿದೆ:

"ಸಣ್ಣ ಹುಡುಗಿ ಅಲ್ರಿ... ಅವಸರದಾಗ ನಳದ ನೀರಾಗ ತೊಳದಿರಬೇಕು."

"ಇಲ್ಲ ಮೌಶಿ! ನಾ ತೊಳದಿಲ್ಲ. ನೀವ ಹೇಳ್ರಿ."

"ಸುಳ್ಳ ಬ್ಯಾರೆ ಹೇಳ್ತಿಯೇನ?" — ನಿಮ್ಮಪ್ಪನ ಕೈ ನಿನ್ನ ಕೆನ್ನೆಗೆ ಬಿತ್ತು. ನೀನು ಅಳಲಿಲ್ಲ. ಒಳ್ಳೆಯ ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದೆ, ನಾನು ಏನಾದರೂ ಹೇಳುತ್ತೇನೆಂದು. ನಾನು ಗೋಡೆಯ ಕಡೆ ಮುಖ ತಿರುಗಿಸಿದೆ.

ಎಡಗಣ್ಣಿನಲ್ಲಿ ಬಿಳಿ ಕಲೆ ಉಳಿಯಿತು. ಬೆಳಕು ನೆರಳು ಬಿಟ್ಟು ಬೇರೇನೂ ಕಾಣದು. ನಿನ್ನ ಖೊ ಖೊ ನಿಂತಿತು. ಪೊಲೀಸ್ ಆಗುವ ಮಾತನ್ನೂ ನೀನು ಬಿಟ್ಟೆ. "ನಿಮ್ಮ ಮನ್ಯಾಗ ಬಿಟ್ಟಿದ್ದ ನಂದ ತಪ್ಪ" ಎಂದರು ನಿಮ್ಮಪ್ಪ — ಮಗುವಿನ ಮೇಲೆ ಕಣ್ಣಿಡಲಿಲ್ಲ ಎಂಬ ಸಿಟ್ಟು. ಅದು ನನಗೆ ಸಲ್ಲಬೇಕಾದುದರ ನೂರರಲ್ಲೊಂದು ಪಾಲು. ಅದಕ್ಕೇ ನೀನು ಕ್ಷಮೆ ಕೇಳಲು ಬಂದದ್ದು.

ಆದರೆ ನನ್ನನ್ನು ಹೆಚ್ಚು ಸುಡುವುದು ಬೇರೆಯೇ. ವರ್ಷ ಕಳೆದ ಮೇಲೆ ನೀನು ಒಮ್ಮೆ ಅಕ್ಕನಿಗೆ ಹೇಳಿದೆ — "ಒಂದಿನ ನಳದಾಗ ತೊಳದಿದ್ನೋ ಏನೋ ಅವ್ವ, ನೆನಪಾಗವಲ್ದು." ಆಮೇಲೆ "ಏನೋ" ಎಂಬುದೂ ಹೋಯಿತು. ಮಾಡದ ತಪ್ಪನ್ನು ನೀನು ನೆನಪಿಟ್ಟುಕೊಳ್ಳತೊಡಗಿದೆ. ಅದನ್ನು ನೋಡುತ್ತ ನಾನು ಊಟ ಮಾಡಿದೆ, ಶಾಲೆಗೆ ಹೋದೆ, ಮಕ್ಕಳಿಗೆ ಖರೆ ಹೇಳಬೇಕೆಂದು ಕಲಿಸಿದೆ...

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನಿನ್ನೊಬ್ಬಳ ಕೈಗೆ ಕೊಟ್ಟರೆ ನೀನು ಮಡಚಿ ಒಳಗಿಡುತ್ತೀ, ನನ್ನನ್ನು ಕಾಪಾಡುತ್ತೀ — ನಿನ್ನ ಸ್ವಭಾವ ನನಗೆ ಗೊತ್ತು. ನಾಳೆ ರಜೆ, ನಿಮ್ಮಪ್ಪ, ನಮ್ಮಕ್ಕ ಇಬ್ಬರೂ ಮನೆಯಲ್ಲಿರುತ್ತಾರೆ. ಮುಂಜಾನೆಯ ಬಸ್ಸಿಗೆ ಸದಲಗಾಕ್ಕೆ ಬಂದು, ಅವರ ಮುಂದೆ ನಿಂತು, ನಾನೇ ಓದುತ್ತೇನೆ.