ತಲೆಗೇರಿದ್ದು

ಬೀರುವಿನ ತಳದಿಂದ ಆ ನೀಲಿ ವಾಯಿಲ್ ಸೀರೆ ಇವತ್ತು ಮತ್ತೆ ಕೈಗೆ ಸಿಕ್ಕಿತು. ನಿರಿಗೆ ಬರುವ ಜಾಗದಲ್ಲಿ ಇಸ್ತ್ರಿ ಪೆಟ್ಟಿಗೆಯ ಮೂತಿಯಷ್ಟು ಕಂದು ಕಲೆ. ಮೂಗಿಗೆ ಹಿಡಿದೆ. ಏಳು ವರ್ಷದ ಮೇಲೂ ಸುಟ್ಟ ಗಂಜಿಯ ವಾಸನೆ ಉಳಿಯುತ್ತದೆಯೇ? ಉಳಿಯುವುದಿಲ್ಲ. ಆದರೂ ನನಗೆ ಬಂತು. ವಿಜ್ಞಾನ ಓದಿದವಳು ಹೀಗೆ ಬರೆಯಬಾರದು; ನನ್ನ ಓದಿನ ಯೋಗ್ಯತೆ ಎಷ್ಟೆಂದು ಮುಂದೆ ನಿಮಗೇ ತಿಳಿಯುತ್ತದೆ.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾವು ಹಲಸೂರಿನಲ್ಲಿದ್ದೆವು. ಬೀದಿಯ ಮೂಲೆಯಲ್ಲಿ ಮುನಿಯಮ್ಮನ ಇಸ್ತ್ರಿ ಬಂಡಿ. ಮೇಲೆ ತಗಡಿನ ಸೂರು, ಕೈಯಲ್ಲಿ ಕೆಂಡ ತುಂಬಿದ ಪೆಟ್ಟಿಗೆ. ಮನೆಮಾತು ತಮಿಳು, ನಮ್ಮೊಡನೆ ಕನ್ನಡ. ಯಾರ ಬಟ್ಟೆಗೂ ಅವಳು ಗುರುತು ಹಾಕಿದವಳಲ್ಲ.

"ಗುರುತು ಯಾಕ್ ಪಾಪಾ? ನಿಮ್ಮಪ್ಪನ ಕಾಲರ್ ನೋಡಿದ್ರೆ ಸಾಕು, ಸಿಟ್ಟಲ್ಲಿ ಎಳ್ದಿರೋದು ಗೊತ್ತಾಯ್ತದೆ," ಎಂದು ನಗುತ್ತಿದ್ದಳು.

ಆ ಏಪ್ರಿಲ್‌ನಲ್ಲಿ ನನಗೆ ಪದವಿ ಪರೀಕ್ಷೆ. ಬೇಸಗೆಯನ್ನು ಬೇಸಗೆಯೆಂದೇ ಒಪ್ಪದ ಊರು ನಮ್ಮದು. ಆ ವರ್ಷ ಮಾತ್ರ ಎಲ್ಲರೂ ಬಿಸಿಲನ್ನು ಬೈದರು. ನಾನು ಒದ್ದೆ ಟವೆಲನ್ನು ತಲೆಗೆ ಸುತ್ತಿಕೊಂಡು ದೇಹದ ಉಷ್ಣದ ಅಧ್ಯಾಯವನ್ನು ಬಾಯಿಪಾಠ ಮಾಡುತ್ತಿದ್ದೆ. ಆ ನೀಲಿ ಸೀರೆ ಉಟ್ಟರೆ ಪರೀಕ್ಷೆ ಚೆನ್ನಾಗಿ ಆಗುತ್ತದೆಂದೂ ನಂಬಿದ್ದೆ.

ಹಿಂದಿನ ದಿನ ಮಧ್ಯಾಹ್ನ ಸೀರೆ ತರಲು ಹೋದೆ. ಮುನಿಯಮ್ಮ ಬಂಡಿ ಹಿಡಿದು ತೂರಾಡುತ್ತಿದ್ದಳು. ಕೆಂಪೇರಿದ ಮುಖದಲ್ಲಿ ಬೆವರಿನ ಹನಿಯಿಲ್ಲ. ಯಾರದೋ ಪಂಚೆಯನ್ನು ನನ್ನ ಕೈಗಿಟ್ಟಳು. ಪೆಟ್ಟಿಗೆ ನನ್ನ ಸೀರೆಯ ಮೇಲೇ ಕೂತು ಹೊಗೆ ಏಳುತ್ತಿತ್ತು.

"ಏನಾಗಿದೆ ನಿಂಗೆ, ಮುನಿಯಮ್ಮ?"

"ತಲೆಗೇರ್ಬಿಟ್ಟೈತೆ ಪಾಪಾ..." ನಾಲಗೆ ತೊದಲುತ್ತಿತ್ತು.

ನನಗೆ ಅಷ್ಟೇ ಸಾಕಾಯಿತು. ಎಂದೂ ದನಿ ಎತ್ತದವಳು ಬೀದಿಗೆಲ್ಲ ಕೇಳುವಂತೆ ಕೂಗಿದೆ: "ಹಗಲೇ ಕುಡ್ದು ಬಂದಿದ್ದಾಳೆ!"

ಒಬ್ಬೊಬ್ಬರಾಗಿ ಬಂದು ತಮ್ಮ ಬಟ್ಟೆ ಎತ್ತಿಕೊಂಡು ಹೋದರು. ಮುನಿಯಮ್ಮ ನನ್ನನ್ನೇ ನೋಡುತ್ತ ಕಲ್ಲಿನ ಮೇಲೆ ಕುಸಿದಳು. ಯಾರೂ ನೀರು ಕೊಡಲಿಲ್ಲ. ನಾನೂ ಕೊಡಲಿಲ್ಲ.

ಮರುದಿನ, ಸುಟ್ಟ ಕಲೆಯನ್ನು ನಿರಿಗೆಯಲ್ಲಿ ಅಡಗಿಸಿ ಅದೇ ಸೀರೆಯಲ್ಲಿ ಕೂತು ಉತ್ತರ ಬರೆದೆ. ದೇಹದ ಉಷ್ಣ ಮಿತಿಮೀರಿದರೆ ಮಿದುಳಿಗೆ ಏನಾಗುತ್ತದೆ ಎಂಬ ಪ್ರಶ್ನೆ. ಬೆವರು ನಿಲ್ಲಬಹುದು, ಹೆಜ್ಜೆ ತಪ್ಪುತ್ತದೆ, ಮಾತು ತೊದಲುತ್ತದೆ, ವಸ್ತುಗಳ ಗುರುತು... ಅಲ್ಲಿ ಪೆನ್ನು ನಿಂತಿತು. ಕುಡಿದರೂ ತಲೆಗೇರಿತು ಅನ್ನುತ್ತೇವೆ, ಬಿಸಿಲು ಬಡಿದರೂ ಅನ್ನುತ್ತೇವೆ. ಏನು ಏರಿದೆ ಎಂದು ನಾನು ಕೇಳಿಯೇ ಇರಲಿಲ್ಲ.

ಆಮೇಲೆ ಉಳಿದದ್ದನ್ನೂ ಬರೆದೆ. ನೆರಳು, ತಣ್ಣೀರು, ಎಲ್ಲ.

ಸಂಜೆ ಮೂಲೆಯಲ್ಲಿ ಬಂಡಿ ಇರಲಿಲ್ಲ. "ತಂಗಿ ಮನೆಗೆ ಹೋದ್ಲು. ಜೀವಕ್ಕೇನಿಲ್ಲ. ಈ ಬೀದಿಗೆ ಮಾತ್ರ ಬರಲ್ವಂತೆ," ಎಂದಳು ಹೂವಿನವಳು. ನಾನು ಯಾರಿಗೂ ಏನೂ ಹೇಳಲಿಲ್ಲ. ಸಂಕೋಚದ ಹುಡುಗಿ ಎಂದು ಎಲ್ಲರೂ ಮೆಚ್ಚುತ್ತಿದ್ದರು. ಆ ಸಂಕೋಚ ನನಗೆ ಅನುಕೂಲಕ್ಕೆ ಬಂತು.

ಈಗ ನಾವು ಇಂದಿರಾನಗರದಲ್ಲಿದ್ದೇವೆ. ಇವತ್ತು ಪಕ್ಕದ ಮನೆಯಾಕೆ ಸೀರೆ ನೋಡಿ, "ಅಯ್ಯೋ, ಯಾರ್ರೀ ಸುಟ್ಟಿದ್ದು?" ಎಂದರು.

"ಹಲಸೂರಲ್ಲಿ ಒಬ್ಳಿದ್ಲು, ಕುಡುಕಿ," ಎಂದಳು ಅಮ್ಮ.

"ಅವಳು ಕುಡ್ದಿರ್ಲಿಲ್ಲಮ್ಮ. ಬಿಸಿಲು ಬಡಿದಿತ್ತು. ನಾನೇ ಸುಳ್ಳು ಕೂಗಿದ್ದು."

ಅಮ್ಮ ನನ್ನ ಕೈಯಿಂದ ಸೀರೆ ತೆಗೆದುಕೊಂಡು ಮಡಿಸತೊಡಗಿದಳು. ಅರ್ಧಕ್ಕೆ ನಿಲ್ಲಿಸಿ ಕೇಳಿದಳು: "ನಿಂಗೆ ಯಾವಾಗ ಗೊತ್ತಾಯ್ತು?"

"ಮಾರನೇ ದಿನ," ಎಂದೆ.