ಮೀನಿನ ಮನೆಗೆ ಹಾಸಿದ ಫರ್ಸಿ

ಮೊನ್ನೆ ಮಗಳ ಮೀನಿನ ತೊಟ್ಟಿಯಲ್ಲಿ ಮೂಲೆಯ ಕಲ್ಲೊಂದನ್ನು ಸರಿಸಿದೆ. ತಳದ ಮರಳಿನಿಂದ ನಾಲ್ಕಾರು ಗುಳ್ಳೆಗಳು ಎದ್ದವು, ಜೊತೆಗೆ ಕೊಳೆತ ಮೊಟ್ಟೆಯ ವಾಸನೆ... ಹಾವು ಮುಟ್ಟಿದವಳ ಹಾಗೆ ಕೈ ಹಿಂದಕ್ಕೆ ಎಳೆದುಕೊಂಡೆ. ಮಗಳು ನಕ್ಕಳು. ನನಗೆ ನಗು ಬರಲಿಲ್ಲ. ಆ ವಾಸನೆಗೆ ಶಹಾಬಾದಿನ ಫರ್ಸಿ ಮಾಮಾ ನೆನಪಾದರು.

ಮದುವೆಯಾದ ಹೊಸದರಲ್ಲಿ ನಾವು ಶಹಾಬಾದಿನಲ್ಲಿ ಬಾಡಿಗೆಗೆ ಇದ್ದೆವು. ಗೋಡೆಯಾಚೆಯ ಮನೆ ಅವರದು. ಊರಿನ ಅರ್ಧ ಮನೆಗಳ ನೆಲಕ್ಕೆ ಫರ್ಸಿ ಕಲ್ಲು ಕೂರಿಸಿದ್ದು ತಾವೇ ಎಂದು ಹೇಳಿಕೊಳ್ಳುತ್ತಿದ್ದರು. ಇನ್ನರ್ಧ ಮನೆಗಳ ನೆಲದಲ್ಲಿ ಹುಳುಕು ಹುಡುಕುತ್ತಿದ್ದರು. ನಮ್ಮ ಮನೆಗೆ ಬಂದರೂ ಚಹಾಕ್ಕಿಂತ ಮೊದಲು ಹಿಮ್ಮಡಿಯಿಂದ ನೆಲ ಕುಟ್ಟಿ ನೋಡುವುದು. ಪೊಳ್ಳು ಸದ್ದು ಬಂದರೆ ಮುಖ ಹುಳ್ಳಗೆ ಮಾಡುತ್ತಿದ್ದರು. ಖಣಿಯಲ್ಲಿ ಕಲ್ಲು ಸಿಡಿಸುವಾಗಲೂ ಬೀಡಿ ಸೇದುತ್ತ ಕೂತಿರುತ್ತಿದ್ದ ಆ ಮನುಷ್ಯ ಒಂದು ಮೀನಿಗೆ ಅಂಜುತ್ತಿದ್ದರು.

ಅವರ ಹೆಂಡತಿಯನ್ನು ನಾನು ಅತ್ತಿ ಎನ್ನುತ್ತಿದ್ದೆ. ಲಕ್ವಾ ಹೊಡೆದು ಅತ್ತಿಯ ಬಲಭಾಗ ಬಿದ್ದುಹೋಗಿತ್ತು, ಮಾತೂ ನಿಂತಿತ್ತು. ಗೋಡೆ ನೋಡುತ್ತ ಮಲಗಿ, ಬಾಯಿಗಿಟ್ಟ ಅನ್ನವನ್ನು ಹೊರಗೆ ಹಾಕುತ್ತಿದ್ದರು. ಮಾಮಾ ಕಲಬುರಗಿಯಿಂದ ಗಾಜಿನ ತೊಟ್ಟಿಯನ್ನೂ ಒಂದು ಕೆಂಪು ಮೀನನ್ನೂ ತಂದು ಮಂಚದ ಎದುರಿಗೆ ಇಟ್ಟರು. ಅತ್ತಿಯ ಕಣ್ಣು ಅದರ ಹಿಂದೆ ಆಡತೊಡಗಿತು. ಮೀನು ನೋಡುತ್ತ ನೋಡುತ್ತ ಎರಡು ತುತ್ತು ಒಳಗೆ ಹೋಗುತ್ತಿತ್ತು. ಅದಕ್ಕೇನಾದರೂ ಆದರೆ ಇವಳು ಉಣ್ಣುವುದನ್ನೇ ಬಿಡುತ್ತಾಳೆ ಎಂಬ ಹೆದರಿಕೆ ಅಂದಿನಿಂದ ಮಾಮಾನನ್ನು ಹಿಡಿಯಿತು. ನೋಡನೋಡುತ್ತ ನನಗೂ ಅಂಟಿತು.

ತೊಟ್ಟಿಯ ತಳಕ್ಕೆ ಸ್ವಲ್ಪ ಮರಳು ಹಾಕಿ ಎಂದು ಅಂಗಡಿಯವರು ಹೇಳಿದ್ದರಂತೆ. ಮಾಮಾ ಸ್ವಲ್ಪಕ್ಕೆ ಒಪ್ಪುವವರೇ? ದಂಡೋತಿಗೆ ಹೋಗಿ ಕಾಗಿಣಾ ನದಿಯ ಮರಳು ತಂದರು. ಜರಡಿ ಹಿಡಿದು, ನೀರು ತಿಳಿಯಾಗುವವರೆಗೂ ತೊಳೆದರು. ಅಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ಮನೆಯ ನೆಲಕ್ಕೆ ಹಾಸುವಂತೆ ಅರ್ಧ ಗೇಣು ದಪ್ಪ ಹಾಸಿ, ಗಟ್ಟಿಯಾಗಿ ಬಡಿದು, ಮೇಲೆ ಫರ್ಸಿಯ ನುಣುಪು ತುಂಡುಗಳನ್ನು ಒಂದಕ್ಕೊಂದು ತಾಗಿಸಿ ಕೂರಿಸಿದರು. ನೋಡಲು ಭಾಳ ಚೆಂದವಿತ್ತು. ಓಣಿಯ ಮಂದಿ ಬಂದು ನೋಡಿ ಹೋದರು. ಬಾಡಿಗೆಗಿರುವ ನಮಗಿಂತ ಮೀನಿಗೇ ಒಳ್ಳೆಯ ನೆಲ ಸಿಕ್ಕಿತು ಎಂದು ನಾನು ಚೇಷ್ಟೆ ಮಾಡಿದೆ.

ಬೇಸಿಗೆ ಮುಗಿಯುವ ಹೊತ್ತಿಗೆ ಮೀನು ಮೇಲೆಯೇ ನಿಂತು ಬಾಯಿ ಬಾಯಿ ಬಿಡತೊಡಗಿತು. ಅತ್ತಿಯ ತುತ್ತೂ ಕಡಿಮೆಯಾಯಿತು. ಮಾಮಾ ನೀರು ಬದಲಿಸಿ ನೋಡಿದರು, ಮೀನಿಗೆ ಹಾಕುವ ಕಾಳು ಬದಲಿಸಿ ನೋಡಿದರು... ಕಲ್ಲುಗಳ ಸಂದಿಯಿಂದ ಆಗೊಂದು ಈಗೊಂದು ಗುಳ್ಳೆ ಏಳುತ್ತಿತ್ತು. ಒಂದು ಮಧ್ಯಾಹ್ನ ಗೋಡೆಯಾಚೆಯಿಂದ ನನ್ನನ್ನು ಕರೆದರು. ಹೋದೆ. ತೋಳನ್ನು ನೀರಿಗಿಳಿಸಿ, ಬೆರಳ ಗೆಣ್ಣಿನಿಂದ ಒಂದೊಂದೇ ಕಲ್ಲನ್ನು ಕುಟ್ಟುತ್ತಿದ್ದರು.

"ಕೆಳಗ ಪೊಳ್ಳ ಆಗ್ಯಾದ ತಂಗಿ," ಎಂದರು. "ನಾ ಹಾಸಿದ ನೆಲ ಎಂದೂ ಪೊಳ್ಳ ಆಗಿಲ್ಲ."

ಅಂದವರೇ ಮೂಲೆಯ ಕಲ್ಲಿಗೆ ಉಗುರು ಹಾಕಿ ಎತ್ತಿಬಿಟ್ಟರು. ಗುಳುಗುಳು ಗುಳ್ಳೆಗಳು ಎದ್ದವು. ಕೆಳಗಿನ ಮರಳು ಕಾಡಿಗೆಯಷ್ಟು ಕಪ್ಪಾಗಿತ್ತು. ಆ ವಾಸನೆಗೆ ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಮೀನು ಗಿರ್ರನೆ ಒಂದು ಸುತ್ತು ಹೊಡೆದು ಮಗ್ಗುಲಾಗಿ ಬಿತ್ತು. ಹಿಂದಿನಿಂದ, ಮಂಚದ ಮೇಲಿದ್ದ ಅತ್ತಿಯ ಗಂಟಲಿನಿಂದ ಒಂದು ಸದ್ದು ಹೊರಟಿತು... ಅಂಥ ಸದ್ದನ್ನು ನಾನು ಮತ್ತೆ ಕೇಳಿಲ್ಲ, ಕೇಳುವುದೂ ಬೇಡ.

ಮಾಮಾ ಕಲ್ಲು ಹಿಡಿದುಕೊಂಡು ಹಾಗೇ ನಿಂತುಬಿಟ್ಟಿದ್ದರು. ಹಿಂದಿನ ದಿನ ತುಂಬಿಟ್ಟ ನೀರಿನ ಬಕೆಟ್ ಬಾಗಿಲ ಹತ್ತಿರ ಕಂಡಿತು. ಮೀನನ್ನು ಎರಡೂ ಕೈಯಿಂದ ಬಾಚಿ ಅದರಲ್ಲಿ ಬಿಟ್ಟೆ. ಬಕೆಟ್ಟನ್ನು ಮಂಚದ ಬಳಿಗೆ ಒಯ್ದೆ. ಮಾಮಾ ಅತ್ತಿಯ ತಲೆ ಎತ್ತಿ ಹಿಡಿದು ತೋರಿಸಿದರು. ಮೀನಿನ ಕಿವಿರು ಆಡುವವರೆಗೂ ಮೂವರಲ್ಲಿ ಯಾರೂ ಅಲುಗಲಿಲ್ಲ.

ತಿಂದುಳಿದ ಕಾಳು, ಮೀನಿನ ಹೊಲಸು ಸಂದಿಯಲ್ಲಿ ಇಳಿದು, ಗಟ್ಟಿಯಾಗಿ ಬಡಿದ ಮರಳಿನೊಳಗೆ ಗಾಳಿಯಿಲ್ಲದೆ ಕೊಳೆತಿತ್ತು. ಕಲ್ಲು ಎತ್ತಿದ್ದೇ ತಡ, ಒಳಗೆ ಕಟ್ಟಿಕೊಂಡಿದ್ದ ವಿಷವೆಲ್ಲ ನೀರಿಗೆ ಬಂದಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಇಲ್ಲಿ ಕುಂಬಾರನೂ ಮಾಮಾನೇ, ದೊಣ್ಣೆಯೂ ಅವರದೇ. ಅಂದು ಸಂಜೆಯೊಳಗೆ ಇಡೀ ನೆಲ ಕಿತ್ತು ಹಾಕಿದರು. ತೊಳೆದ ಹೊಸ ಮರಳನ್ನು ಒಂದು ಬೆರಳು ದಪ್ಪ, ಬಡಿಯದೆ, ಸುಮ್ಮನೆ ಸುರುವಿದರು. ಮೇಲೆ ನದಿಯ ದುಂಡು ಕಲ್ಲು ನಾಲ್ಕು, ಮೀನಿನ ಬಾಯಲ್ಲಿ ಸಿಕ್ಕಿಕೊಳ್ಳದಷ್ಟು ದೊಡ್ಡವು. ಆಮೇಲೆ ವಾರಕ್ಕೊಮ್ಮೆ ಮರಳಿನ ಮೇಲ್ಮೈಯನ್ನು ಬೆರಳಿನಿಂದ ಮೆಲ್ಲಗೆ ಸಡಿಲಿಸಿ, ಸಣ್ಣ ಪೈಪಿನಿಂದ ಹೊಲಸು ಎಳೆಯುತ್ತಿದ್ದರು. ಅತ್ತಿ ಮತ್ತೆ ಉಂಡರು. ಮಾಮಾನ ಅಂಜಿಕೆ ಮಾತ್ರ ಹೋಗಲಿಲ್ಲ. ನಮ್ಮ ಮನೆಯ ನೆಲ ಕುಟ್ಟುವುದನ್ನು ಅವರು ಬಿಟ್ಟೇಬಿಟ್ಟರು.

ಮರುವರ್ಷದ ಚಳಿಗಾಲದಲ್ಲಿ ಅತ್ತಿ ನಿದ್ದೆಯಲ್ಲೇ ಹೋದರು. ಮೀನು ಚೆನ್ನಾಗಿಯೇ ಇತ್ತು. ಅವರಲ್ಲಿ ಮಣ್ಣು ಮಾಡುವ ಪದ್ಧತಿ. ಕುಣಿ ತುಂಬಿ, ಮಂದಿ ಸಲಿಕೆಯ ಬೆನ್ನಿನಿಂದ ಮಣ್ಣು ಬಡಿಯತೊಡಗಿದಾಗ ಮಾಮಾ ಓಡಿಬಂದು ಸಲಿಕೆ ಹಿಡಿದುಕೊಂಡರು.

"ಗಟ್ಟಿ ಬಡೀಬ್ಯಾಡ್ರಪ್ಪಾ. ಕೆಳಗ ಉಸರ ಕಟ್ಟತದ ಅಕಿಗಿ."

ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಂಡು ಯಾರೋ ಅವರನ್ನು ಪಕ್ಕಕ್ಕೆ ಕರೆದೊಯ್ದರು. ನಾನು ದೂರದಲ್ಲಿ ಹೆಂಗಸರ ಜೊತೆ ನಿಂತಿದ್ದೆ. ಆ ಕಪ್ಪು ಮರಳು ಕಣ್ಣ ಮುಂದೆ ಬಂದು, ನಿಂತಲ್ಲೇ ಕೂತುಬಿಟ್ಟೆ.

ಮೊನ್ನೆ ಆ ವಾಸನೆ ಬಂದ ಕೂಡಲೇ ನಾನು ಮೀನುಗಳನ್ನೆಲ್ಲ ಬಕೆಟ್ಟಿಗೆ ಬಿಟ್ಟೆ. ಆಮೇಲೆಯೇ ಮರಳಿಗೆ ಕೈ ಹಾಕಿದೆ. ಬೆರಳಿನಿಂದ ಅಳೆದು, ಒಂದು ಬೆರಳಿನಷ್ಟೇ ಉಳಿಸಿದೆ.

ನಾವು ಸೇಡಂಗೆ ಬಂದ ಮೇಲೆ ಶಹಾಬಾದಿನ ಕಡೆ ಹೋಗುವುದು ಕಡಿಮೆಯಾಗಿತ್ತು. ಮಾಮಾ ಹೋದ ಸುದ್ದಿ ನನಗೆ ತಿಳಿದದ್ದು ಭಾಳ ತಡವಾಗಿ. ಅತ್ತಿಯ ಪಕ್ಕದಲ್ಲೇ ಮಣ್ಣು ಮಾಡಿದರಂತೆ. ಅವರ ಮೇಲಿನ ಮಣ್ಣನ್ನು ಎಷ್ಟು ಗಟ್ಟಿಯಾಗಿ ಬಡಿದರೋ. ಬ್ಯಾಡ್ರಪ್ಪಾ ಎನ್ನಲು ಅಲ್ಲಿ ನಾನೂ ಇರಲಿಲ್ಲ.