ಯಾರೂ ಕುಡಿಯದ ನೀರು

ನೀರು ಶುದ್ಧೀಕರಣ ಘಟಕದಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರಿರಲಿಲ್ಲ. ಎಲ್ಲರ ಬಾಯಲ್ಲೂ ಅವರು ‘ಮೂಗು ಸಾಹೇಬರು’. ಸಾಹೇಬರ ಹುದ್ದೆಯೇನೂ ಅವರದಲ್ಲ. ಪಾಳಿಯ ಮೇಲೆ ಬಂದು ಪಂಪು, ವಾಲ್ವು, ಮರಳಿನ ಸೋಸುತೊಟ್ಟಿಗಳನ್ನು ನೋಡಿಕೊಳ್ಳುವ ಕೆಲಸ. ಆದರೆ ನೀರಿಗೆ ಕ್ಲೋರಿನ್ ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದನ್ನು, ಪರೀಕ್ಷೆಯ ನಳಿಕೆಯಲ್ಲಿ ಬಣ್ಣ ತಿರುಗುವ ಮೊದಲೇ, ಲೋಟ ಮೂಸಿ ಹೇಳಿಬಿಡುತ್ತಾರೆ ಎಂಬ ಖ್ಯಾತಿ ಅವರಿಗಿತ್ತು. ಆ ಖ್ಯಾತಿಯಲ್ಲಿ ಮೂಗಿನ ಪಾಲೆಷ್ಟು, ಜೊತೆಗಾರರ ಬಾಯಿಚಪಲದ ಪಾಲೆಷ್ಟು ಎಂದು ಯಾರೂ ಅಳೆದು ನೋಡಿರಲಿಲ್ಲ. ಸರಿಹೋದದ್ದನ್ನು ಜನ ಹೇಳಿಕೊಂಡು ತಿರುಗುತ್ತಾರೆ, ತಪ್ಪಿದ್ದನ್ನು ಮರೆಯುತ್ತಾರೆ. ಇಂಥ ಖ್ಯಾತಿಗಳೆಲ್ಲ ಬಾಳುವುದು ಹಾಗೆಯೇ.

ಅವರು ಮನೆಗೆ ಬಂದರೆ ಅವರಿಗಿಂತ ಒಂದು ಹೆಜ್ಜೆ ಮೊದಲು ಅಂಗಿಯ ವಾಸನೆ ಹೊಸ್ತಿಲು ದಾಟುತ್ತಿತ್ತು. ಬ್ಲೀಚಿಂಗ್ ಪುಡಿಯ ಆ ಖಾರವಾದ ವಾಸನೆಗೆ ಹೆಂಡತಿ ಹೊಸತರಲ್ಲಿ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದರಂತೆ. ಈಗ ಅದು ಮೂಗಿಗೆ ಬಡಿದರೆ ಚಹಾಕ್ಕೆ ನೀರಿಡುತ್ತಾರೆ, ಅಷ್ಟೆ.

ಆ ಹೆಂಡತಿ ಒಂದು ಕಾಲಕ್ಕೆ ಊರಿನ ಬಸ್ ನಿಲ್ದಾಣದ ದನಿಯಾಗಿದ್ದವರು. ಯಾವ ಬಸ್ಸು ಯಾವ ಅಂಕಣದಿಂದ ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಮೈಕಿನಲ್ಲಿ ಹೇಳುವುದು ಅವರ ಕೆಲಸ. ಆಮೇಲೆ ಆ ಕೆಲಸಕ್ಕೆ ಯಂತ್ರ ಬಂತು. ಆಕೆಯನ್ನು ಟಿಕೆಟ್ಟಿನ ಕಿಂಡಿಗೆ ಹಾಕಿದರು. ಅಲ್ಲಿ ಮಾತಿಗಿಂತ ಚಿಲ್ಲರೆಯ ಸದ್ದೇ ಹೆಚ್ಚು. ನಿವೃತ್ತರಾದ ಮೇಲೆ ಮೈಕಿನ ದನಿ ಉಳಿದದ್ದು ಮನೆಯಲ್ಲಿ ಮಾತ್ರ. ಊಟದ ಹೊತ್ತಿಗೆ ಅಡುಗೆಮನೆಯಿಂದ ಪ್ರಕಟಣೆ ಹೊರಡುತ್ತಿತ್ತು: “ದಯವಿಟ್ಟು ಗಮನಿಸಿ. ತಟ್ಟೆಗಳು ಹೊರಡಲು ಸಿದ್ಧವಾಗಿವೆ. ಪ್ರಯಾಣಿಕರು ಕೈ ತೊಳೆದುಕೊಂಡು ಬರತಕ್ಕದ್ದು.”

ಇಂಥ ದನಿಗೆ ಮತ್ತೆ ಕೆಲಸ ಸಿಕ್ಕಿದ್ದು ಅಂಧರ ಗ್ರಂಥಾಲಯದಿಂದ. ಪುಸ್ತಕಗಳನ್ನು ಓದಿ, ಮನೆಯ ಕಂಪ್ಯೂಟರಿನಲ್ಲೇ ಧ್ವನಿ ಮುದ್ರಿಸಿ ಕಳಿಸುವವರು ಅಲ್ಲಿಗೆ ಬೇಕಾಗಿದ್ದರು. ಆಕೆಯ ಪಾಲಿಗೆ ಬಂದದ್ದು ಸಮುದ್ರಯಾನದ ಚರಿತ್ರೆಯ ಒಂದು ದಪ್ಪ ಪುಸ್ತಕ. ಮೊದಲ ಅಧ್ಯಾಯಗಳನ್ನು ಓದಿ ಕಳಿಸಿದ ವಾರದಲ್ಲೇ ಗ್ರಂಥಾಲಯದ ಮೇಲ್ವಿಚಾರಕಿಯ ಫೋನು ಬಂತು.

“ನಿಮ್ಮ ದನಿ ತುಂಬ ಚೆನ್ನಾಗಿದೆ ಮೇಡಂ. ಆದ್ರೆ ಹಿಂದುಗಡೆ ಏನದು, ಹಿಟ್ಟಿನ ಗಿರಣಿ ಇದೆಯಾ?”

“ಗಿರಣಿ ಅಲ್ಲಮ್ಮ, ಕಂಪ್ಯೂಟರಿನ ಫ್ಯಾನು.”

“ಒಂದೇ ಸಮ ಗುಂಯ್ ಅಂದಿದ್ರೆ ನಾವೇ ತೆಗೆದುಬಿಡ್ತಿದ್ವಿ. ಇದು ಒಂದ್ಸಲ ಏರತ್ತೆ, ಒಂದ್ಸಲ ಇಳಿಯತ್ತೆ. ಕಿವಿಯನ್ನೇ ನಂಬಿಕೊಂಡೋರಿಗೆ ಕಷ್ಟ ಆಗತ್ತೆ. ಇನ್ನೊಂದ್ಸಲ ಓದಿ ಕಳಿಸಿ. ಆಗಲೂ ಹೀಗೇ ಇದ್ರೆ ಪುಸ್ತಕ ಬೇರೆಯವರಿಗೆ ಕೊಡಬೇಕಾಗತ್ತೆ, ತಪ್ಪು ತಿಳ್ಕೋಬೇಡಿ.”

ಆಕೆ ತಪ್ಪು ತಿಳಿದುಕೊಳ್ಳಲಿಲ್ಲ. ಆದರೆ ಅಂದಿನಿಂದ ಅಡುಗೆಮನೆಯ ಪ್ರಕಟಣೆ ನಿಂತುಹೋಯಿತು. “ಊಟಕ್ಕೆ ಬನ್ನಿ” ಎಂದಷ್ಟೇ, ಯಾರು ಬೇಕಾದರೂ ಹೇಳಬಹುದಾದ ದನಿಯಲ್ಲಿ. ಮೂಗು ಸಾಹೇಬರು ಎರಡನೇ ಸಲ ಅನ್ನ ಬಡಿಸಿಕೊಳ್ಳದೆ ಎದ್ದರು.

ಬೇರೆ ಕಡೆ ಕೂತು ಓದೋಣವೆಂದರೆ ಮುಂದಿನ ಕೋಣೆ ಬೀದಿಗೆ ಅಂಟಿಕೊಂಡಿತ್ತು. ಅಡುಗೆಮನೆ ಬಾವಿಯಂತೆ ಮಾರ್ದನಿ ಕೊಡುತ್ತಿತ್ತು. ಇನ್ನೊಂದು ಕೋಣೆ ಅತ್ತೆಯದು, ಅಂದರೆ ಹೆಂಡತಿಯ ತಾಯಿಯದು. ಅವರ ಟೀವಿ ಅವರು ಮಲಗಿದಾಗಲೂ ಎಚ್ಚರವಾಗಿರುತ್ತಿತ್ತು. ಉಳಿದದ್ದು ಹಿತ್ತಲ ಕಡೆಯ ಸಣ್ಣ ಕೋಣೆ ಒಂದೇ. ಅದರಲ್ಲೇ ಕಂಪ್ಯೂಟರು. ಹಳೆಯ ಯಂತ್ರ, ಧ್ವನಿ ಮುದ್ರಿಸುವ ಕೆಲಸವೂ ಅದಕ್ಕೆ ಹೊರೆಯೇ. ಒಳಗೆ ಲೆಕ್ಕಾಚಾರ ನಡೆಸುವ ಚಿಪ್ ಕಾದಷ್ಟೂ ಫ್ಯಾನು ಏದುಸಿರು ಬಿಡುತ್ತಿತ್ತು.

ಹೆಂಡತಿಯ ತಮ್ಮನಿಗೆ ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿಯ ಅಂಗಡಿ. ಅವನು ಬಂದು ಪೆಟ್ಟಿಗೆ ಬಿಚ್ಚಿ, ಧೂಳು ಊದಿ, ಹೊಸ ಫ್ಯಾನು ಹಾಕಿದ. ಸದ್ದು ಸ್ವಲ್ಪ ತಗ್ಗಿತು, ಹೋಗಲಿಲ್ಲ.

“ಗಾಳಿ ಕೈಲಿ ಆಗದ ಕೆಲಸ ನೀರಿಗೆ ಬಿಡಬೇಕು” ಎಂದರು ಮೂಗು ಸಾಹೇಬರು.

“ಭಾವ, ಅಂಥದ್ದು ಇದೆ. ರೆಡಿ ಸಿಗತ್ತೆ, ತಂದು ಕೂರಿಸಿಕೊಡ್ತೀನಿ. ನೀವು ಮಾತ್ರ ಕೈ ಹಾಕಬೇಡಿ.”

“ಊರಿಗೆಲ್ಲ ನೀರು ಹರಿಸೋನಿಗೆ ಒಂದು ಪೆಟ್ಟಿಗೆಗೆ ಹರಿಸೋಕೆ ಬರಲ್ವೇನೋ?”

ಬಾಗಿಲ ಬಳಿ ನಿಂತಿದ್ದ ಅತ್ತೆ ಮಗಳ ಕಡೆ ತಿರುಗಿದರು. “ಕೇಳಿಸ್ಕೊಂಡ್ಯಾ? ಅಳಿಯಂದ್ರು ಕಂಪ್ಯೂಟರಿಗೆ ಸ್ನಾನ ಮಾಡಿಸ್ತಾರಂತೆ. ಟವಲ್ ಎತ್ತಿಡು.”

ಇದರ ತತ್ತ್ವ ಸರಳ. ಶಾಖವನ್ನು ಇಲ್ಲವಾಗಿಸುವುದು ಯಾರಿಂದಲೂ ಆಗದ ಮಾತು. ಇದ್ದಲ್ಲಿಂದ ಇನ್ನೊಂದು ಕಡೆಗೆ ಸಾಗಿಸಬಹುದು, ಅಷ್ಟೆ. ಗಾಳಿ ಆ ಹೊರೆಯನ್ನು ಗದ್ದಲ ಮಾಡಿಕೊಂಡು, ಚೂರುಚೂರಾಗಿ ಹೊರುತ್ತದೆ. ನೀರು ಅದನ್ನೇ ಸದ್ದಿಲ್ಲದೆ ಹೊತ್ತೊಯ್ಯುತ್ತದೆ. ಬಿಸಿಯಾಗುವ ಚಿಪ್‌ನ ಮೇಲೆ ಒಂದು ತಾಮ್ರದ ಬಿಲ್ಲೆ. ಅದರ ಹೊಟ್ಟೆಯಲ್ಲಿ ಕೂದಲೆಳೆಯಂಥ ಕಾಲುವೆಗಳು. ಅವುಗಳಲ್ಲಿ ಹರಿಯುವ ನೀರು ಬಿಸಿ ಹೀರಿಕೊಂಡು ಹೊರಗಿನ ರೇಡಿಯೇಟರಿಗೆ ಹೋಗಿ, ಅಲ್ಲಿ ತಣಿದು ಮರಳಬೇಕು.

ಬಿಲ್ಲೆಯನ್ನು ಭಾವಮೈದುನ ತರಿಸಿಕೊಟ್ಟ. ರೇಡಿಯೇಟರು ಗುಜರಿಯಲ್ಲಿ ಸಿಕ್ಕಿತು. ಯಾವುದೋ ಹಳೆಯ ಕಾರಿನದು, ಅಲ್ಯೂಮಿನಿಯಮ್ಮಿನದು. ಪಂಪು ಮೀನಿನ ತೊಟ್ಟಿಗೆ ಹಾಕುವಂಥದ್ದು, ಅಂಗೈ ಮೇಲೆ ಕೂರುವಷ್ಟು ಪುಟ್ಟದು. ನೀರಿನ ತೊಟ್ಟಿಯಾಗಿ ಬಿಸ್ಕತ್ತಿನ ಪ್ಲಾಸ್ಟಿಕ್ ಡಬ್ಬಿ ಬಂತು. ಮೂಗು ಸಾಹೇಬರು ರಜೆ ಹಾಕಿ ಕೂತರು. ರೇಡಿಯೇಟರನ್ನು ಕಿಟಕಿಯ ಹೊರಗೆ, ಹಿತ್ತಲ ನೆರಳಿನಲ್ಲಿ ಗೋಡೆಗೆ ನಿಲ್ಲಿಸಿದರು. ಗೋಡೆಗೆ ತೂತು ಕೊರೆದು ಎರಡು ರಬ್ಬರ್ ಪೈಪು ಎಳೆದರು. ಪ್ರತಿ ಜೋಡಣೆಗೂ ಕ್ಲಿಪ್ಪು ಬಿಗಿದು, ಹಿಡಿದೆಳೆದು ನೋಡಿ, ಮತ್ತೆ ಬಿಗಿದರು. ಒಳಹೋಗುವಲ್ಲೊಂದು, ಹೊರಬರುವಲ್ಲೊಂದು, ತಳದಲ್ಲಿ ನೀರು ಬಸಿಯುವುದಕ್ಕೆ ಇನ್ನೊಂದು ವಾಲ್ವು ಕೂರಿಸಿದರು.

“ಭಾವ, ಇದು ಕಂಪ್ಯೂಟರು, ಬಡಾವಣೆ ಅಲ್ಲ” ಎಂದ ಭಾವಮೈದುನ.

“ನೀರು ಯಾವತ್ತೂ ಯಾರ ಮಾತೂ ಕೇಳಲ್ಲ ಕಣೋ. ವಾಲ್ವಿನ ಮಾತು ಮಾತ್ರ ಕೇಳತ್ತೆ.”

ಕಂಪ್ಯೂಟರನ್ನು ಆರಿಸಿಟ್ಟು, ಕೆಳಗೆ ಹಳೆಯ ಪೇಪರು ಹಾಸಿ, ಒಂದು ಇಡೀ ದಿನ ಬರಿಯ ನೀರನ್ನು ಓಡಿಸಿದರು. ಪೇಪರಿನ ಮೇಲೆ ಒಂದು ಹನಿಯೂ ಮೂಡಲಿಲ್ಲ. ತುಂಬಿದ್ದು ನಲ್ಲಿಯ ನೀರೇ. ತಮ್ಮ ಘಟಕದ ನೀರಿಗಿಂತ ಒಳ್ಳೆಯ ನೀರು ಇನ್ನೆಲ್ಲಿದೆ? ಡಬ್ಬಿಯ ಮುಚ್ಚಳ ಹಾಕುವ ಮೊದಲು, ಅಡುಗೆಗೆ ಉಪ್ಪು ಹಾಕುವಷ್ಟೇ ಸಹಜವಾಗಿ, ಅವರ ಕೈ ಒಂದು ಚಿಟಿಕೆ ಬ್ಲೀಚಿಂಗ್ ಪುಡಿಯನ್ನು ಅದಕ್ಕೆ ಉದುರಿಸಿತು. ನಿಂತ ನೀರನ್ನು ಹಾಗೇ ಬಿಡುವುದು ಆ ಕೈಗೆ ಗೊತ್ತೇ ಇರಲಿಲ್ಲ. ಮುಂದೆಯೂ ವಾರವಾರ ಡಬ್ಬಿ ಇಣುಕಿ ನೋಡುವಾಗೆಲ್ಲ ಅದೇ ಚಿಟಿಕೆ.

ಯಂತ್ರ ಶುರುವಾಯಿತು. ಹಸಿರು ದೀಪ ಹೊತ್ತಿತು. ಬೇರೇನೂ ಆಗಲಿಲ್ಲ, ಅಂದರೆ ಸದ್ದು ಆಗಲಿಲ್ಲ. ಹೆಂಡತಿ ಪೆಟ್ಟಿಗೆಗೆ ಕಿವಿ ಹಚ್ಚಿ ಕೇಳಿದರು.

“ರೀ, ಇದು ಓಡ್ತಾ ಇದೆಯಾ?”

“ಓಡ್ತಿದೆ. ಇಲ್ಲಿ ಪೈಪು ಮುಟ್ಟಿ ನೋಡು, ಬೆಚ್ಚಗಿದೆ.”

ಆಕೆ ಮುಟ್ಟಿ ನೋಡಿದರು. ಅದೇ ದಿನ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಸಮುದ್ರಯಾನವನ್ನು ಮೊದಲ ಪುಟದಿಂದ ಶುರುಮಾಡಿದರು.

ಕೆಲವು ವಾರ ಎಲ್ಲವೂ ನೆಟ್ಟಗಿತ್ತು. ಪುಸ್ತಕ ಅರ್ಧ ದಾಟಿತು. ಆಮೇಲೆ ಒಂದು ದಿನ ಹಡಗು ಬಿರುಗಾಳಿಗೆ ಸಿಕ್ಕ ಅಧ್ಯಾಯದ ನಡುವೆ ಕಂಪ್ಯೂಟರು ತಾನಾಗಿಯೇ ಆರಿಹೋಯಿತು. ಮತ್ತೆ ಹಚ್ಚಿದರೆ ಸ್ವಲ್ಪ ಹೊತ್ತಿಗೆ ಮತ್ತೆ ಆರಿತು. ಮರುದಿನವೂ ಅದೇ ಪಾಡು. ಗ್ರಂಥಾಲಯಕ್ಕೆ ಕಳಿಸಬೇಕಾದ ವಾಯಿದೆ ಹತ್ತಿರವಾಗುತ್ತಿತ್ತು. ಮೂಗು ಸಾಹೇಬರು ಪಂಪು ನೋಡಿದರು, ಪೈಪು ನೋಡಿದರು, ಕ್ಲಿಪ್ಪು ಬಿಗಿದರು, ತಲೆಬುಡ ತಿಳಿಯಲಿಲ್ಲ. ಡಬ್ಬಿಯ ನೀರಿಗೆ ಮಬ್ಬು ಹಿಡಿದಂತೆ ಕಂಡಿತು. ಮಬ್ಬಾದ ನೀರಿಗೆ ಏನು ಮಾಡಬೇಕೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು: ಇನ್ನೂ ಒಂದು ಚಿಟಿಕೆ ಹಾಕಿದರು.

ಕೊನೆಗೆ ಭಾವಮೈದುನನಿಗೆ ಹೇಳಿಕಳಿಸಬೇಕಾಯಿತು. ಅವನು ಕೋಣೆಯ ಹೊಸ್ತಿಲಲ್ಲೇ ನಿಂತ.

“ಭಾವ, ಇಲ್ಲೇನು ನಿಮ್ಮ ಘಟಕದ ವಾಸನೆ?”

“ಅದು ನಾನು ಕಣೋ. ಈಗ ತಾನೇ ಪಾಳಿ ಮುಗಿಸಿ ಬಂದೆ.”

“ನೀವು ನನ್ನ ಹಿಂದೆ ಇದ್ದೀರ. ವಾಸನೆ ಮುಂದಿನಿಂದ ಬರ್ತಿದೆ.”

ಒಂದೇ ವಾಸನೆಯಲ್ಲಿ ಬಹಳ ಹೊತ್ತು ಇದ್ದರೆ ಮೂಗು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನೇ ಬಿಡುತ್ತದೆ. ಇದು ಎಲ್ಲ ಮೂಗುಗಳ ಗುಣ, ಹೆಸರುವಾಸಿಯಾದ ಮೂಗಿನದೂ ಕೂಡ. ಬೇರೆ ಯಾವ ಮನೆಯಲ್ಲಾದರೂ ಒಬ್ಬರಲ್ಲ ಒಬ್ಬರು ಮೊದಲ ದಿನವೇ ಮುಖ ಸಿಂಡರಿಸುತ್ತಿದ್ದರು. ಈ ಮನೆಯಲ್ಲಿ ಆ ವಾಸನೆಗೆ ಒಂದೇ ಅರ್ಥವಿತ್ತು: ಅವರು ಮನೆಗೆ ಬಂದಿದ್ದಾರೆ. ಹೆಂಡತಿ ಮೆಲ್ಲಗೆ ಹೇಳಿದರು, “ಅದಕ್ಕೇ ನೋಡು, ಓದೋವಾಗೆಲ್ಲ ಇವರು ಹಿಂದೆ ಬಂದು ನಿಂತ ಹಾಗೆ ಆಗ್ತಿತ್ತು. ಎರಡು ಸಲ ತಿರುಗಿ ನೋಡಿದೆ.”

ಭಾವಮೈದುನ ಬಿಲ್ಲೆ ಬಿಚ್ಚಿದ. ತಾಮ್ರ ಹಸಿರು ಕಕ್ಕಿತ್ತು. ಕೂದಲೆಳೆಯಂಥ ಕಾಲುವೆಗಳು ಸುಣ್ಣದಂಥ ಗಸಿಯಿಂದ ಮುಚ್ಚಿಹೋಗಿ, ಬಿಸಿ ಹೊರಹೋಗುವ ದಾರಿಯೇ ಕಟ್ಟಿತ್ತು. ರೇಡಿಯೇಟರಿನ ಮೂಲೆಯಲ್ಲಿ ಅಲ್ಯೂಮಿನಿಯಮ್ ತಿಂದುಹೋಗಿ ಬಿಳಿಯ ಹಕ್ಕಳೆ ಎದ್ದಿತ್ತು.

“ನೀರಿಗೆ ಏನು ಹಾಕಿದ್ರಿ?”

“ಒಂದು ಚಿಟಿಕೆ ಪುಡಿ.”

“ಯಾಕೆ?”

ಯಾಕೆ ಎಂದು ಮೂಗು ಸಾಹೇಬರನ್ನು ಈವರೆಗೆ ಯಾರೂ ಕೇಳಿರಲಿಲ್ಲ. ಕ್ಲೋರಿನ್ ಲೋಹವನ್ನು ತಿನ್ನುತ್ತದೆಂದು ತಿಳಿಯದವರೇನಲ್ಲ. ಘಟಕದಲ್ಲಿ ತುಕ್ಕು ಹಿಡಿದ ಬೋಲ್ಟುಗಳನ್ನು ವರ್ಷವರ್ಷ ಬದಲಿಸಿದವರೇ ಅವರು. ತಾಮ್ರ, ಅಲ್ಯೂಮಿನಿಯಮ್ ಎರಡನ್ನೂ ಒಂದೇ ನೀರಿನಲ್ಲಿಟ್ಟರೆ ಒಂದು ಇನ್ನೊಂದನ್ನು ಸವೆಸುತ್ತದೆಂಬುದೂ ಗೊತ್ತಿತ್ತು. ತಲೆಗೆ ಗೊತ್ತಿದ್ದದ್ದನ್ನು ಕೈ ಕೇಳಲು ಹೋಗಿರಲಿಲ್ಲ.

“ಹುಳ ಆಗಬಾರದು ಅಂತ” ಎಂದರು ಕಡೆಗೆ.

ಅತ್ತೆ ಅಳಿಯನ ಮುಖವನ್ನೇ ನೋಡಿದರು. “ಅಲ್ಲ ಅಳಿಯಂದ್ರೇ, ಈ ನೀರು ಕುಡಿಯೋರು ಯಾರು?”

ಮೊದಲು ನಕ್ಕದ್ದು ಹೆಂಡತಿ. ಆ ನಗುವಿನಲ್ಲಿ ಕುಹಕವಿರಲಿಲ್ಲವಾದ್ದರಿಂದ ಮೂಗು ಸಾಹೇಬರೂ ನಕ್ಕರು. ನಕ್ಕ ಮೇಲೆ ಕಿವಿ ಕೆಂಪಾಯಿತು. ಆಮೇಲೆ ಸುಮ್ಮನೆ ಅಂಗಿಯ ತೋಳು ಮಡಿಸಿದರು.

ಬಿಲ್ಲೆಯನ್ನು ವಿನೆಗರಿನಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದೇ ಕಾಲುವೆಯನ್ನು ತಿಕ್ಕಿ ತೊಳೆದರು. ಗುಜರಿಗೆ ಮತ್ತೆ ಹೋಗಿ ತಾಮ್ರದ ರೇಡಿಯೇಟರೇ ಬೇಕೆಂದು ಹಟ ಹಿಡಿದು ಹುಡುಕಿ ತಂದರು. ನೀರನ್ನು ನಲ್ಲಿಯಿಂದ ಹಿಡಿಯಲಿಲ್ಲ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ನೀರಿನ ಕ್ಯಾನು ತಂದರು. ಪಾಚಿ ಕಟ್ಟದಿರಲು ಇಂಥ ಯಂತ್ರಗಳಿಗೆಂದೇ ಇರುವ ದ್ರವದ ಕೆಲವು ಹನಿಗಳನ್ನು ಭಾವಮೈದುನ ಹಾಕಿದ. ಮೂಗು ಸಾಹೇಬರು ಆ ಶೀಶೆಯನ್ನು ಮೂಸಿ ನೋಡಿದರು. ಯಾವ ವಾಸನೆಯೂ ಇರಲಿಲ್ಲ.

“ಇದನ್ನ ನಂಬಬಹುದಾ?”

“ಮೂಸಿ ನಂಬೋದಲ್ಲ ಭಾವ. ತಿಂಗಳು ಬಿಟ್ಟು ಬಿಚ್ಚಿ ನೋಡಿ ನಂಬಿ.”

ಆ ಮಾತು ಅವರಿಗೆ ಹಿಡಿಸಿತು. ಪುಡಿಯ ಡಬ್ಬಿಯನ್ನು ಅತ್ತೆ ಎತ್ತಿಕೊಂಡು ಹೋಗಿ ತಮ್ಮ ಮಂಚದ ಕೆಳಗಿಟ್ಟುಕೊಂಡರು. “ಬೇಕಾದ್ರೆ ನನ್ನ ಕೇಳಿ ತಗೊಳ್ಳಿ, ಯಾರು ಕುಡೀತಾರೆ ಅಂತ ಹೇಳಿ ತಗೊಳ್ಳಿ.”

ಮರುದಿನ ಹೆಂಡತಿ ಬಿರುಗಾಳಿಯ ಅಧ್ಯಾಯಕ್ಕೆ ಮರಳಿದರು. ಮೂಗು ಸಾಹೇಬರು ಯಂತ್ರವನ್ನು ಕಾಯುತ್ತ ಮೂಲೆಯ ಕುರ್ಚಿಯಲ್ಲಿ ಕೂತರು. ಒಂದು ಪುಟ ಮುಗಿಯುವಷ್ಟರಲ್ಲಿ ಆಕೆ ಓದು ನಿಲ್ಲಿಸಿ, ಮುದ್ರಿಸಿದ್ದನ್ನು ಹಾಕಿ ಕೇಳಿದರು. ಹೆಡ್‌ಫೋನು ತೆಗೆದು ಗಂಡನ ಕಡೆ ತಿರುಗಿದರು.

“ಗಿರಣಿ ನಿಂತಿದೆ. ಈಗ ಏನೋ ಸೀಟಿ ಹೊಡೀತಿದೆ.”

“ಪಂಪು ಇರಬೇಕು, ನೋಡ್ತೀನಿ ತಡಿ.”

“ಪಂಪಲ್ಲ ರೀ, ನಿಮ್ಮ ಮೂಗು. ಉಸಿರಾಡೋವಾಗ.”

ಅವರು ಕುರ್ಚಿ ಎತ್ತಿಕೊಂಡು, ಬಾಗಿಲು ಸದ್ದಾಗದಂತೆ ಎಳೆದುಕೊಂಡು, ಹಿತ್ತಲಿಗೆ ಹೋದರು. ಮುಚ್ಚಿದ ಕಿಟಕಿಯ ಕೆಳಗೆ ರೇಡಿಯೇಟರಿನ ಪಕ್ಕದಲ್ಲಿ ಕೂತರು. ಒಳಗಿನ ಒಂದು ಮಾತೂ ಅಲ್ಲಿಗೆ ಕೇಳಿಸುತ್ತಿರಲಿಲ್ಲ. ರೇಡಿಯೇಟರಿನ ಮೇಲೆ ಅಂಗೈ ಇಟ್ಟರು. ಸ್ವಲ್ಪ ಹೊತ್ತಿಗೆ ಅದು ಬೆಚ್ಚಗಾಯಿತು. ಹಡಗು ಸಾಗುತ್ತಿದೆ ಎಂದುಕೊಂಡರು. ಅಂದಿನಿಂದ ಮಧ್ಯಾಹ್ನ ಪಾಳಿ ಇಲ್ಲದಾಗಲೆಲ್ಲ ಅವರ ಜಾಗ ಅದೇ ಆಯಿತು. ಅಂಗೈ ಕೆಳಗೆ ತಾಮ್ರ ತಣ್ಣಗಾದರೆ ಆಕೆ ಓದು ನಿಲ್ಲಿಸಿ ಯಂತ್ರ ಆರಿಸಿದ್ದಾರೆಂದು ಅರ್ಥ. ಎದ್ದುಹೋಗಿ ಚಹಾಕ್ಕೆ ನೀರಿಡುತ್ತಿದ್ದರು.

ತಿಂಗಳು ಬಿಟ್ಟು ಬಿಚ್ಚಿ ನೋಡಿದರು. ತಾಮ್ರ ತಾಮ್ರದ ಬಣ್ಣದಲ್ಲೇ ಇತ್ತು. ಆ ಹೊತ್ತಿಗೆ ಪುಸ್ತಕ ಮುಗಿದು ಗ್ರಂಥಾಲಯ ಸೇರಿತ್ತು. ಮೇಲ್ವಿಚಾರಕಿಯ ಫೋನು ಬಂದಾಗ ಮೂಗು ಸಾಹೇಬರು ಮುಂದಿನ ಕೋಣೆಯಲ್ಲಿ ಪೇಪರು ಹಿಡಿದು ಕೂತಿದ್ದರು. ಪಕ್ಕದಲ್ಲಿ ಅತ್ತೆ. ಅಡುಗೆಮನೆಯಲ್ಲಿ ಫೋನು ಹಿಡಿದಿದ್ದ ಹೆಂಡತಿ ಬಹಳ ಹೊತ್ತು “ಹೂಂ, ಹೂಂ” ಎನ್ನುತ್ತಿದ್ದರು. ಅದರಿಂದ ಒಪ್ಪಿಗೆಯಾಯಿತೋ ಇಲ್ಲವೋ ತಿಳಿಯಲಿಲ್ಲ. ಪೇಪರಿನ ಒಂದೇ ಸಾಲನ್ನು ಮೂಗು ಸಾಹೇಬರು ಮತ್ತೆ ಮತ್ತೆ ಓದಿದರು. ಮಾತು ಮುಗಿಯಿತು. ಒಳಗೆ ಪಾತ್ರೆಗಳು ಸದ್ದಾದವು.

“ದಯವಿಟ್ಟು ಗಮನಿಸಿ” ಎಂದಿತು ಅಡುಗೆಮನೆ. “ತಟ್ಟೆಗಳು ಹೊರಡಲು ಸಿದ್ಧವಾಗಿವೆ. ಇನ್ನೊಂದು ಪುಸ್ತಕ ಮಾರ್ಗದಲ್ಲಿದೆ. ಪ್ರಯಾಣಿಕರು ಕೈ ತೊಳೆದುಕೊಂಡು ಬರತಕ್ಕದ್ದು.”

“ಏಳಿ ಅಳಿಯಂದ್ರೇ” ಎಂದರು ಅತ್ತೆ. “ಬಸ್ಸು ಬಂತು.”